ಮೂರನೇ ಬೆಡ್ಡಿನ ಸ್ನಾನ

ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸಿನಿಂದ ಪೌಡರ್ ವಾಸನೆ ಬರುತ್ತಿದೆ. ನನಗೋ ನಗು ತಡೆಯುವುದಕ್ಕಾಗುತ್ತಿಲ್ಲ. ಆಕೆ ಆಗಲೇ ಎರಡು ಸಲ ಸೆರಗು ಸರಿಮಾಡಿಕೊಂಡರು. ತಪ್ಪು ಅವರದಲ್ಲ, ಕೇಳಿ.

ನಾನಾಗ ಅಜ್ಜಂಪುರದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಎರಡು ಮಕ್ಕಳಾದ ಮೇಲೆ ದೂರಶಿಕ್ಷಣದಲ್ಲಿ ನರ್ಸಿಂಗ್ ಪದವಿ ಓದುವ ಹುಚ್ಚು ಹಿಡಿದಿತ್ತು. ಪಾಠವೇನೋ ಅಂಚೆಯಲ್ಲಿ ಬರುತ್ತದೆ, ಕೈಕೆಲಸ ಕಲಿಸುವವರು ಬೇಕಲ್ಲ? ಅದಕ್ಕೆ ತರೀಕೆರೆಯ ಸರ್ವಮಂಗಳಾ ಸಿಸ್ಟರನ್ನು ಗೊತ್ತುಮಾಡಿದ್ದರು. ನಾನು ಮಾಡುವುದನ್ನು ಅವರು ವಿಡಿಯೋ ಕಾಲಿನಲ್ಲಿ ನೋಡಿ, ಒಪ್ಪಿದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಬೇಕು. ಉಳಿದಿದ್ದು ಒಂದೇ ಸಹಿ, ಮಲಗಿದ ರೋಗಿಗೆ ಮೈ ಒರೆಸುವುದರದ್ದು. ಮರುದಿನ ಪುಸ್ತಕ ಕಳಿಸದಿದ್ದರೆ ಒಂದು ವರ್ಷ ದಂಡ.

ಮೂರನೇ ಬೆಡ್ಡಿಗೆ ಪರದೆ ಎಳೆದೆ. ನನ್ನ ಕೈ ಮಾತ್ರ ಕಾಣುವಂತೆ ಡ್ರಿಪ್ ಸ್ಟ್ಯಾಂಡಿಗೆ ಫೋನು ಕಟ್ಟಿದೆ.

"ಕಿವಿ ಹಿಂದೆ ಒರೆಸು ಕಣೇ, ಅಲ್ಲೇನು ರಾಗಿ ಬಿತ್ಬೇಕಾ?" ಎಂದು ತರೀಕೆರೆಯಿಂದ ಸಿಸ್ಟರ್ ಗದರಿದರು.

ಬೆನ್ನು ಒರೆಸಿ, ಪೌಡರ್ ಹಾಕಿ, ಜಡೆಯನ್ನೂ ಹೆಣೆದೆ. ಹಾಸಿಗೆಯಲ್ಲಿದ್ದ ಅಜ್ಜಿ ತುಟಿಪಿಟಕ್ಕೆನ್ನದೆ ಹೇಳಿದ ಕಡೆಗೆಲ್ಲ ಹೊರಳಿದರು. ಸಿಕ್ಕರೆ ಇಂಥ ರೋಗಿ ಸಿಗಬೇಕು ಎಂದುಕೊಂಡೆ.

ಅಷ್ಟರಲ್ಲಿ ಎಕ್ಸ್‌ರೇಗೆ ಹೋಗಿದ್ದ ನಿಜವಾದ ರೋಗಿ ಗಾಲಿಕುರ್ಚಿಯಲ್ಲಿ ಬಂದರು.

"ಅಯ್ಯೋ ಸಿಸ್ಟರ್, ನಮ್ಮತ್ತಿಗೆಗ್ಯಾಕೆ ಸ್ನಾನ ಮಾಡುಸ್ತಿದೀರಿ?"

ಅತ್ತಿಗೆ ಸಖರಾಯಪಟ್ಟಣದಿಂದ ರೋಗಿಯನ್ನು ನೋಡಲು ಬಂದವರು. ಖಾಲಿ ಹಾಸಿಗೆ ಕಂಡು ಒಂದು ಗಳಿಗೆ ಅಡ್ಡಾಗಿದ್ದರು.

"ನೀವಾದ್ರೂ ಹೇಳ್ಬಾರ್ದಾ?" ಎಂದೆ.

"ದೂರದಿಂದ ಬಂದೋರ್ಗೆ ಇಲ್ಲಿ ಹಿಂಗೆ ಉಪಚಾರ ಮಾಡ್ತಾರೇನೋ ಅಂದ್ಕಂಡೆ. ಬ್ಯಾಡ ಅಂದ್ರೆ ನೀವು ಬೇಜಾರು ಮಾಡ್ಕಂಡ್ರೆ?"

ಫೋನು ಸುಮ್ಮನಿತ್ತು. ನೆಟ್‌ವರ್ಕ್ ಹೋಗಿರಲಪ್ಪಾ ದೇವರೇ ಎಂದು ಬೇಡಿಕೊಂಡೆ. ಹೋಗಿರಲಿಲ್ಲ.

"ಹೆಸರು ಕೇಳಿದ್ಯೇನೇ?"

"ಇಲ್ಲ ಸಿಸ್ಟರ್. ಬೆಡ್ ನಂಬರ್ ನೋಡ್ದೆ."

"ಹಂಗಾದ್ರೆ ಬೆಡ್ಡಿಗೇ ಸ್ನಾನ ಮಾಡಿಸ್ಬೇಕಿತ್ತು. ಸಹಿ ಇಲ್ಲ, ಹೋಗು."

ಅವತ್ತು ಮನೆಯಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು.

ಮರುದಿನ ಬೆಳಿಗ್ಗೆ ಸಿಸ್ಟರ್ ಖುದ್ದಾಗಿ ಬಂದಿಳಿದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. "ಮಲಕ್ಕೋ" ಎಂದು ಖಾಲಿ ಹಾಸಿಗೆ ತೋರಿಸಿದರು. ಬಿಸಿನೀರಿನ ಬಟ್ಟೆ ಹಿಂಡಿ, ಗುರುತೇ ಇಲ್ಲದವರಂತೆ ಕೇಳಿದರು: "ನಿಮ್ಮ ಹೆಸರೇನಮ್ಮಾ? ಮುಖ ಒರೆಸ್ಲಾ?"

ಒಂಬತ್ತು ವರ್ಷದಿಂದ ಆ ಆಸ್ಪತ್ರೆಯಲ್ಲಿ ನಾನು ಬರೀ ಸಿಸ್ಟರ್. ಹೆಸರು ಹೇಳಲು ಹೋಗಿ ಬಿಕ್ಕಿಬಿಟ್ಟೆ. ಅವರು ನಗಲಿಲ್ಲ, ಕಣ್ಣಿನ ಸುತ್ತ ಮೆಲ್ಲಗೆ ಒರೆಸಿದರು. ಆಮೇಲೆ ಎದ್ದು ಮೂರನೇ ಬೆಡ್ಡಿಗೆ ಹೋಗಿ ಮೊದಲು ಹೆಸರು ಕೇಳಿದೆ. "ಪಾರ್ವತಮ್ಮ" ಎಂದರು. ಮೈ ಒರೆಸಿ ಮುಗಿಸಿದೆ, ಸಹಿ ಬಿತ್ತು.

ಈಗ ನಾನೂ ಸಹಿ ಹಾಕುವವಳು. ಕಡೂರಿನ ನನ್ನ ವಿದ್ಯಾರ್ಥಿನಿ ಕಳಿಸಿದ ವಿಡಿಯೋದಲ್ಲಿ ಕೆಲಸವೆಲ್ಲ ಚೊಕ್ಕವಾಗಿದೆ, ಆದರೆ ಮೊದಲಿನಿಂದ ಕೊನೆತನಕ ಅವಳದೊಂದು ಮಾತೂ ಇಲ್ಲ. ಸಹಿ ಹಾಕಿ ಕಳಿಸಿದ್ದರೆ ಮುಗಿಯುತ್ತಿತ್ತು. ಬಸ್ಸು ಹತ್ತಿದ್ದೇನೆ. ಹತ್ತುವ ಮುಂಚೆ ಅವಳಿಗೆ ಫೋನು ಮಾಡಿದೆ.

"ಬತ್ತಾ ಇದೀನಿ ಕಣೇ. ಒಂದು ಹಾಸಿಗೆ ಖಾಲಿ ಇಟ್ಟಿರು."