ಐದು ಪದಾಧಿಕಾರಿಗಳು, ಒಂದು ಬೀಗದ ಕೈ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಮೂವತ್ತು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಸುಳ್ಳಲ್ಲ. ನಾನು ಬರೆದ ತಂತ್ರಾಂಶ ಹುಟ್ಟಿದ್ದೂ ಕೋಪದಿಂದಲೇ. ಅತ್ತೆಯ ಕಣ್ಣು ಮಂಜಾದ ಮೇಲೆ ದಿನಾ ಬೆಳಿಗ್ಗೆ ಅವರಿಗೆ ಪೇಪರ್ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಿಧನ ವಾರ್ತೆಯನ್ನು ಅವರು ಎರಡೆರಡು ಸಲ ಓದಿಸುತ್ತಿದ್ದರು. ಟೆಲಿಫೋನ್ ಇಲಾಖೆಯಿಂದ ಆಗಷ್ಟೇ ನಿವೃತ್ತಳಾಗಿದ್ದ ನಾನು, ಇನ್ನು ನನ್ನಿಂದಾಗದು ಎಂದು ಕೂತು, ಕನ್ನಡವನ್ನು ಗಟ್ಟಿಯಾಗಿ ಓದುವ ಒಂದು ತಂತ್ರಾಂಶ ಬರೆದೆ. ಅತ್ತೆ ಕೇಳಿ, "ನಿನಗಿಂತ ಇದೇ ತಾಳ್ಮೆಯಾಗಿ ಓದುತ್ತೆ ಕಣೇ" ಎಂದರು.

ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟೆ. ಮುಕ್ತ ಎಂದರೆ ಯಾರು ಬೇಕಾದರೂ ಒಳಗಿನ ಬರಹವನ್ನು ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಆದರೆ ಕಳಿಸಿದ್ದನ್ನು ಒಪ್ಪಿ ಒಳಗೆ ಸೇರಿಸಿ, ಎಲ್ಲರ ಫೋನಿಗೂ ಹೋಗುವಂತೆ ಮಾಡುವ ಅಧಿಕಾರ ಯಾರಾದರೊಬ್ಬರ ಬಳಿ ಇರಬೇಕು. ನಾವು ಅದನ್ನು ಬೀಗದ ಕೈ ಎನ್ನುತ್ತಿದ್ದೆವು. ಏಳು ವರ್ಷ ಅದು ನನ್ನೊಬ್ಬಳ ಸೊಂಟದಲ್ಲೇ ಇತ್ತು.

ಕೆಲಸಕ್ಕೆ ಕೈಜೋಡಿಸುವವರು ಹೆಚ್ಚಾದಾಗ, ಯಾರ ಜವಾಬ್ದಾರಿ ಏನು ಎಂದು ಬರೆದಿಡೋಣ ಎಂಬ ಮಾತು ಬಂತು. ಒಂದು ಭಾನುವಾರ ಬಸವೇಶ್ವರನಗರದ ನಮ್ಮ ಮನೆಯಲ್ಲೇ ಸೇರಿದೆವು. ರಾಜಾಜಿನಗರದ ಇಬ್ಬರು, ವಿಜಯನಗರದ ಒಬ್ಬರು, ಮೂವರೂ ಹಗಲು ಬೇರೆ ಕಡೆ ದುಡಿದು ಬಿಡುವಿನಲ್ಲಿ ನಮಗೆ ಕೆಲಸ ಮಾಡಿಕೊಡುವ ಗಂಡಸರು. ಐದನೆಯವಳು ಫೋನಿನಲ್ಲಿದ್ದಳು. ಹೆಗ್ಗನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ ವಿಜಯಪುರದ ಕಡೆಯ ಹುಡುಗಿ, ಹುಟ್ಟಿನಿಂದ ಕಣ್ಣು ಕಾಣದವಳು. ತಂತ್ರಾಂಶದಲ್ಲಿದ್ದ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹುಡುಕಿ ತಿದ್ದಿದವಳು ಅವಳೇ.

ನಾವು ಮಾಡಿದ ಘನಕಾರ್ಯ ಹೇಳುತ್ತೇನೆ. ನಿಯಮ ಎಂದರೆ ಹೇಗಿರಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಯಜಮಾನರು ಬೀರುವಿನಿಂದ ನಮ್ಮ ಬಡಾವಣೆಯ ಕನ್ನಡ ಸಂಘದ ಬೈಲಾ ತೆಗೆದುಕೊಟ್ಟರು. ಅದನ್ನೇ ಮುಂದಿಟ್ಟುಕೊಂಡು, ಊರ ಹೆಸರು ಬದಲಿಸಿ, ಬರೆದೆವು. ನಾನು ಗೌರವಾಧ್ಯಕ್ಷೆ. ಮೂವರು ಗಂಡಸರು ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ. ಫೋನಿನಲ್ಲಿದ್ದವಳು ಚೆನ್ನಾಗಿ ಹಾಡುತ್ತಾಳೆಂದು ಅವಳನ್ನು ಸಾಂಸ್ಕೃತಿಕ ಕಾರ್ಯದರ್ಶಿ ಮಾಡಿದೆವು! ಅವಳು, "ಆತ್ರಿ ಅಕ್ಕಾರ" ಎಂದಳು. ಕೋರಂ ಎಷ್ಟು, ಹಾರ ಹಾಕುವವರು ಯಾರು, ಎಲ್ಲ ಬರೆದಾಯಿತು. ಬೀಗದ ಕೈ ಯಾರ ಬಳಿ ಇರಬೇಕು ಎಂಬ ಒಂದು ಸಾಲು ಮಾತ್ರ ಆ ಆರು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಕೇಸರಿಬಾತ್ ತಿಂದು ಎಲ್ಲರೂ ಮನೆಗೆ ಹೋದರು.

ಅದಾಗಿ ಎರಡು ತಿಂಗಳಿಗೆ ಯಜಮಾನರು, "ಒಂದ್ಸಲ ಹೋಗ್ಬಾರೇ, ನನಗೂ ಸ್ವಲ್ಪ ನೆಮ್ಮದಿ ಸಿಗುತ್ತೆ" ಎಂದು ನನ್ನನ್ನು ಕೆಂಗೇರಿಯಾಚೆಯ ಒಂದು ಧ್ಯಾನ ಶಿಬಿರಕ್ಕೆ ಹೊರಡಿಸಿದರು. ಹತ್ತು ದಿನ ಮೌನ, ಫೋನು ಗೇಟಿನಲ್ಲೇ ಒಪ್ಪಿಸಬೇಕು. ಕೋಪ ಕಡಿಮೆಯಾಗುತ್ತದಂತೆ. ಹೊರಡುವ ದಿನ ಬೆಳಿಗ್ಗೆ ಬ್ಯಾಗಿಗೆ ಸೀರೆ ತುಂಬುತ್ತಾ, ಓದುವ ವೇಗ ಹೆಚ್ಚಿಸಿದ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿಯೇ ಮೆಟ್ರೊ ಹತ್ತಿದೆ. ಕೈತೊಳೆದುಕೊಂಡ ಸಮಾಧಾನ.

ಆ ಆವೃತ್ತಿಯಲ್ಲಿ ಒಂದು ತಪ್ಪಿತ್ತು. ಸಾಲಿನಲ್ಲಿ ಅಂಕಿ ಬಂದರೆ ಸಾಕು, ಅದರ ಮುಂದಿನದನ್ನೆಲ್ಲ ಓದದೆ ಹಾರಿಬಿಡುತ್ತಿತ್ತು. ಹೆಗ್ಗನಹಳ್ಳಿಯವಳೂ ಅವಳ ಮೂವರು ರೂಮ್‌ಮೇಟ್‌ಗಳೂ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದರು. ಆ ಮೂವರಿಗೂ ಕಣ್ಣಿಲ್ಲ, ಅವರ ಪುಸ್ತಕವೆಲ್ಲ ನಮ್ಮ ತಂತ್ರಾಂಶದ ಬಾಯಲ್ಲೇ. ಪರೀಕ್ಷೆಗೆ ಇನ್ನು ಮೂರು ವಾರ. ಇತಿಹಾಸದಲ್ಲಿ ಇಸವಿ ಬಂದ ಕಡೆಯೆಲ್ಲ ಯುದ್ಧಗಳೇ ಮಾಯ.

ಅವಳು ಅರ್ಧ ದಿನದಲ್ಲಿ ತಪ್ಪು ಹುಡುಕಿ, ತಿದ್ದಿ ಕಳಿಸಿದಳು. ಅದು ನನ್ನ ಬಾಗಿಲಲ್ಲಿ ಒಂಬತ್ತು ದಿನ ಕೂತಿತ್ತು. ಪದಾಧಿಕಾರಿಗಳು ಸುಮ್ಮನಿರಲಿಲ್ಲ, ಪಾಪ. ತುರ್ತು ಸಭೆ ಸೇರಿದರು. ಕೋರಂ ಇತ್ತು. ಆದ ತೊಂದರೆಗೆ ವಿಷಾದ ವ್ಯಕ್ತಪಡಿಸಿ ಒಮ್ಮತದಿಂದ ಠರಾವು ಪಾಸು ಮಾಡಿದರು. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು?

ಹನ್ನೊಂದನೆಯ ದಿನ ಗೇಟಿನಲ್ಲಿ ಫೋನು ವಾಪಸ್ ಪಡೆದು, ಮನಸ್ಸು ತಣ್ಣಗಿದೆ ಎಂದುಕೊಳ್ಳುತ್ತಾ ಕೆಂಗೇರಿ ನಿಲ್ದಾಣದ ಮೆಟ್ಟಿಲ ಮೇಲೆ ಕೂತು ಸಂದೇಶಗಳನ್ನು ನೋಡಿದೆ. ಅಲ್ಲಿಂದಲೇ ಅವಳಿಗೆ ಫೋನು ಮಾಡಿದೆ. ಅವಳ ದನಿ ಗುರುತೇ ಸಿಗಲಿಲ್ಲ. ಗಂಟಲು ಪೂರ್ತಿ ಕಟ್ಟಿತ್ತು.

"ಏನಾಯ್ತಮ್ಮ ನಿನ್ನ ಗಂಟಲಿಗೆ?"

"ನಿಮ್ಮ ತಂತ್ರಾಂಶದ ಕೆಲಸ ನಾ ಮಾಡಾಕತ್ತೀನ್ರಿ ಅಕ್ಕಾರ."

ವಿಷಯ ಇಷ್ಟು. ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅವಳು ತಪ್ಪನ್ನು ಸರಿಮಾಡಿಕೊಂಡಿದ್ದಳು. ಆದರೆ ಅದರ ಸ್ಪೀಕರ್ ಸತ್ತು ವರ್ಷವಾಗಿತ್ತು. ಫೋನಿನಲ್ಲಿ ಓದುವ ರೂಮ್‌ಮೇಟ್‌ಗಳಿಗೆ ನಾನು ಬೀಗ ತೆಗೆಯುವವರೆಗೆ ಸರಿಯಾದದ್ದು ತಲುಪುವಂತಿರಲಿಲ್ಲ. ಹಾಗಾಗಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೇಳಿದ್ದನ್ನು ಕೇಳಿದ ಹಾಗೇ ಗಟ್ಟಿಯಾಗಿ ಆ ಮೂವರಿಗೆ ಒಪ್ಪಿಸುತ್ತಿದ್ದಳು. ಒಂಬತ್ತು ದಿನ, ಇತಿಹಾಸ ಮತ್ತು ಭೂಗೋಳ. ತಾನು ಓದಬೇಕಾದ ಗಣಿತವನ್ನು ಮುಟ್ಟಿರಲಿಲ್ಲ.

"ಕೀಲಿ ನನಗ ಕೊಡ್ರಿ ಅನ್ನೂದಿಲ್ರಿ" ಎಂದಳು. "ಯಾರಿಗರೆ ಕೊಡ್ರಿ. ನೀವು ಒಬ್ಬರ ಇದ್ರ ನಮಗ ಅಂಜಿಕಿ ಆಗ್ತೈತಿ."

ನನಗೆ ಸಿಟ್ಟು ಬಂತು. ಹತ್ತು ದಿನದ ಧ್ಯಾನ ಆ ಮೆಟ್ಟಿಲ ಮೇಲೇ ಮುಗಿಯಿತು. ಏಳು ವರ್ಷ ದುಡಿದವಳು ನಾನು, ನನ್ನನ್ನು ಕಂಡರೆ ಇವಳಿಗೆ ಅಂಜಿಕೆಯೇ ಎಂದು ಒಳಗೇ ಕುದಿಯುತ್ತಾ ಅವಳ ತಿದ್ದುಪಡಿಯನ್ನು ಒಪ್ಪಿ ಬಿಡುಗಡೆ ಮಾಡಿದೆ. ಎರಡು ನಿಮಿಷದ ಕೆಲಸ. ಎರಡೇ ನಿಮಿಷ ಎಂಬುದು ಮನಸ್ಸಿಗೆ ಇಳಿದಾಗ ಸಿಟ್ಟು ಹೋಗಿ ನಾಚಿಕೆ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನೇ ಆಗಿದ್ದೆ.

ಮುಂದಿನ ಭಾನುವಾರ ಮನೆ ಬೇಡ ಎಂದು ಪಾರ್ಕಿನ ಕಲ್ಲುಬೆಂಚಿನ ಮೇಲೆ ಸೇರಿದೆವು. ಈ ಸಲ ಅವಳನ್ನು ಆಟೊದಲ್ಲಿ ನಾನೇ ಹೋಗಿ ಕರೆತಂದೆ. ಬೈಲಾ ಹರಿದು ಹಾಕುವಾಗ ಉಪಾಧ್ಯಕ್ಷರ ಮುಖ ಸಪ್ಪಗಾಯಿತು. ಹೊಸ ನಿಯಮ ಒಂದೇ ಪುಟದ್ದು, ಅದರಲ್ಲಿ ಪದವಿಯ ಹೆಸರು ಒಂದೂ ಇಲ್ಲ. ಬರೆಯುವವರು, ಕೇಳಿ ನೋಡುವವರು, ಬೀಗ ತೆಗೆಯುವವರು, ಅಷ್ಟೇ. ಬೀಗದ ಕೈ ಮೂವರ ಬಳಿ ಇರಬೇಕು. ತಾನು ಬರೆದದ್ದನ್ನು ತಾನೇ ಒಪ್ಪಿಕೊಳ್ಳುವಂತಿಲ್ಲ. ಒಬ್ಬರು ಮೂರು ದಿನದಲ್ಲಿ ಉತ್ತರ ಕೊಡದಿದ್ದರೆ ಇನ್ನೊಬ್ಬರು ತೀರ್ಮಾನ ಮಾಡಬಹುದು. ಬೇಡ ಎನ್ನುವವರು ಯಾಕೆ ಬೇಡ ಎಂದು ಬರೆಯಬೇಕು. ಆರು ತಿಂಗಳು ಈ ಕಡೆ ತಲೆ ಹಾಕದವರ ಬೀಗದ ಕೈ ತಾನಾಗಿ ವಾಪಸ್ಸು, ಅದು ಅವಮಾನವಲ್ಲ. ಕೊನೆಯ ಎರಡನ್ನು ಅವಳೇ ಹೇಳಿ ಬರೆಸಿದಳು. ಒಂದು ಕೈ ನನಗೆ, ಒಂದು ವಿಜಯನಗರದವರಿಗೆ. ಮೂರನೆಯದು ಅವಳಿಗೆ ಎಂದು ನಾನೇ ಹೇಳಿದೆ. ಮನಸ್ಸಿಲ್ಲದ ಮನಸ್ಸಿನಿಂದಲೇ ಹೇಳಿದೆ, ಅದನ್ನು ಮುಚ್ಚಿಡುವುದಿಲ್ಲ.

ಪರೀಕ್ಷೆ ಮುಗಿದು ಫಲಿತಾಂಶ ಬಂತು. ಮೂವರು ರೂಮ್‌ಮೇಟ್‌ಗಳಲ್ಲಿ ಇಬ್ಬರು ಪಾಸಾದರು. ಅವಳು ಆಗಲಿಲ್ಲ. ಗಣಿತದಲ್ಲಿ ಹೋಗಿತ್ತು. "ಮುಂದಿನ ಸಲ ಬರದ್ರ ಆತ್ರಿ" ಎಂದು ನಕ್ಕಳು. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆವತ್ತಿನಿಂದ ವಾರಕ್ಕೆ ಮೂರು ಸಂಜೆ ಫೋನಿನಲ್ಲಿ ಅವಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ನಿಧಾನವಾಗಿ ಹೇಳಿಕೊಡುವುದನ್ನು ಕಲಿಯುತ್ತಿದ್ದೇನೆ.

ಹೊಸ ನಿಯಮ ಬಂದ ಮೇಲೆ ಅವಳು ಬೇಡ ಎಂದ ಮೊದಲನೆಯ ತಿದ್ದುಪಡಿ ನನ್ನದೇ. ವಾಕ್ಯ ವಾಕ್ಯದ ನಡುವಿನ ಬಿಡುವು ದಂಡ ಎಂದು ನಾನು ಅದನ್ನು ತೆಗೆದಿದ್ದೆ. "ವಾಕ್ಯ ಮುಗೀತು ಅಂತ ಕಿವಿಗೆ ತಿಳೀಬೇಕು. ಬಿಡುವನ್ನು ಇನ್ನೂ ಸ್ವಲ್ಪ ಹೆಚ್ಚು ಮಾಡುತ್ತೇನೆ, ಆಕ್ಷೇಪ ಇದ್ದರೆ ಮೂರು ದಿನದಲ್ಲಿ ತಿಳಿಸಿ" ಎಂದು ಬರೆದಿದ್ದಳು. ನಾನು ಉರಿದುಬಿದ್ದೆ. ಉತ್ತರ ಬರೆಯದೆ ಮುಖ ಊದಿಸಿಕೊಂಡು ಕೂತೆ.

ಅದೇ ವಾರ ನನ್ನ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದೂ ಮಂಜು. ಸದ್ಯಕ್ಕೆ ಓದುವಂತಿಲ್ಲ, ಸ್ಕ್ರೀನ್ ನೋಡುವಂತಿಲ್ಲ. ಮರುದಿನ ಬೆಳಿಗ್ಗೆ ಯಜಮಾನರು, "ನಾನೇನು ಓದಿ ಹೇಳಲ್ಲಪ್ಪ, ನಿನ್ನದೇ ಇದೆಯಲ್ಲ" ಎಂದು ನನ್ನ ಫೋನಿನಲ್ಲಿ ಪೇಪರ್ ಹಾಕಿಕೊಟ್ಟು ತರಕಾರಿಗೆ ಹೋದರು. ನಾನೇ ಬರೆದದ್ದನ್ನು ಕಣ್ಣು ಮುಚ್ಚಿ ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಅಕ್ಷರ ನೋಡುತ್ತಲೇ ಕೇಳಿದ್ದೆ, ಕಣ್ಣಿನ ಸಹಾಯ ಇದ್ದೇ ಇತ್ತು. ಈಗ ಒಂದು ಸುದ್ದಿ ಮುಗಿಯುತ್ತಿತ್ತು, ಚೂರು ಬಿಡುವು, ಆಮೇಲೆ ಇನ್ನೊಂದು. ಆ ಬಿಡುವಿನಲ್ಲಿ ಕೇಳಿದ್ದು ತಲೆಯಲ್ಲಿ ಕೂರುತ್ತಿತ್ತು. ನಿಧನ ವಾರ್ತೆ ಬಂದಾಗ ಅತ್ತೆ ಯಾಕೆ ಎರಡು ಸಲ ಓದಿಸುತ್ತಿದ್ದರೆಂದು ಗೊತ್ತಾಯಿತು. ನಾನು ಬಿಡುವು ಕೊಡದೆ ಓದುತ್ತಿದ್ದೆ.

ಕೈತಡವಿ ಫೋನು ಹುಡುಕಿ, ಅದಕ್ಕೆ ಬಾಯಲ್ಲೇ ಹೇಳಿ ಅವಳಿಗೆ ಕರೆ ಮಾಡಿದೆ.

"ಈಗ ಫೋನಿನಲ್ಲಿ ಪೇಪರ್ ಕೇಳ್ತಾ ಇದ್ದೆ. ನೀನು ಹೇಳಿದ್ದೇ ಸರಿ ಕಣಮ್ಮ. ಆ ಬಿಡುವು ಇನ್ನೂ ಸ್ವಲ್ಪ ಹೆಚ್ಚಾಗ್ಲಿ. ನನ್ನ ಒಪ್ಪಿಗೆ ಇದೆ."

ಆ ಕಡೆ ಅವಳ ನಗು ಕೇಳಿಸಿತು. "ಹೆಚ್ಚು ಮಾಡಿ ಬಿಟ್ಟು ಎರಡು ದಿನ ಆತಲ್ರಿ ಅಕ್ಕಾರ. ಈಗ ನೀವು ಕೇಳಾಕತ್ತಿದ್ದು ಅದೇ. ಮೂರು ದಿನ ಮುಗೀತು, ನಿಮ್ಮ ಉತ್ತರ ಬರ್ಲಿಲ್ಲ. ವಿಜಯನಗರದವರು ಕೇಳಿ ನೋಡಿ ಒಪ್ಪಿದ್ರು. ನಿಮಗ ಕಾಯ್ಲಿಲ್ರಿ."