ಜಗ್ಗಣ್ಣನ ತಗಡಿನ ಪೆಟ್ಟಿಗೆ

ನನ್ನ ಗಂಡನ ಅಣ್ಣನನ್ನು ಬೀದಿಯವರೆಲ್ಲ ಜಗ್ಗಣ್ಣ ಎಂದು ಕರೆಯುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ, ಅದು ಈಗ ಯಾರಿಗೂ ನೆನಪಿಲ್ಲ. ಬೀಗ ರಿಪೇರಿ ಅವರ ಕಸುಬು. ಹಾಕಿದ ಬೀಗವನ್ನು ಒಮ್ಮೆ ಜಗ್ಗುತ್ತಾರೆ, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಇನ್ನೊಮ್ಮೆ ಜಗ್ಗುತ್ತಾರೆ, ಅದಕ್ಕೇ ಈ ಹೆಸರು. ಒಂದು ಸಲ ಬ್ಯಾಂಕಿಗೆ ಹೋದವರು ಅಲ್ಲಿನ ಕಬ್ಬಿಣದ ಬಾಗಿಲ ಬೀಗವನ್ನೂ ಜಗ್ಗಿ ನೋಡಿ ಕಾವಲುಗಾರನ ಕೈಲಿ ಬೈಸಿಕೊಂಡು ಬಂದಿದ್ದರು. ಬೈದದ್ದಕ್ಕೆ ಅವರಿಗೇನೂ ಬೇಸರವಿರಲಿಲ್ಲ. ಬೀಗ ಸಡಿಲವಿದೆ, ಆ ಕಾವಲುಗಾರನ ಮೇಲೊಂದು ಕಣ್ಣಿಡಬೇಕು ಎಂದು ಮನೆಗೆ ಬಂದು ಹೇಳಿದರು.

ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ಭಾವನ ಅನುಮಾನಕ್ಕೆ ಗುರಿಯಾದೆ. ಗೋಡೆಗೆ ತೂಗುಹಾಕಿದ್ದ ಬೀಗದ ಕೈಗಳ ಗೊಂಚಲನ್ನು ನಾನು ಮತ್ತೆ ಮತ್ತೆ ನೋಡಿದೆನಂತೆ. ಹೊಳೆಯುವ ವಸ್ತುವನ್ನು ಯಾರಾದರೂ ನೋಡುತ್ತಾರಪ್ಪಾ ಎಂದು ಅಕ್ಕನ ಹತ್ತಿರ, ಅಂದರೆ ಭಾವನ ಹೆಂಡತಿಯ ಹತ್ತಿರ, ಗೊಣಗಿದೆ. ಅಕ್ಕ ನಕ್ಕಳು. ಮದುವೆಯಾದ ಹೊಸದರಲ್ಲಿ ಅವಳ ಟ್ರಂಕಿಗೂ ಒಂದು ಹೊಸ ಬೀಗ ಹಾಕಿ, ಕೈಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದ ಮಹಾಪುರುಷ ಅವರು. ಹಗ್ಗ ಕಂಡರೆ ಹಾವು ಎನ್ನುವವರು ಊರಲ್ಲೆಲ್ಲ ಇರುತ್ತಾರೆ. ನಮ್ಮ ಭಾವ ಆ ಹಾವನ್ನು ಬಿಟ್ಟವರು ಯಾರು ಎಂದೂ ಕೇಳುವವರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಣ್ಣ ತಮ್ಮ ಇಬ್ಬರೂ ಅಲ್ಲೇ ನೆಲದ ಮೇಲೆ ಹಲಗೆ ಹಾಕಿಕೊಂಡು, ಕಾಲು ಮಡಚಿ ಕೂತು ಅರ ಉಜ್ಜುತ್ತಿದ್ದರು. ನನ್ನ ಗಂಡನಿಗೆ ಕೆಲಸ ಕಲಿಸಿದ್ದು ಭಾವನೇ. ಒಡೆಯ ಎದುರಿಗಿಲ್ಲದ ಬೀಗವನ್ನು ಮುಟ್ಟಬಾರದು ಎನ್ನುವುದು ಅವರು ಹೇಳಿಕೊಟ್ಟ ಮೊದಲ ಪಾಠ. ಆದರೆ ಕಷ್ಟದ ಬೀಗ ಬಂತೋ, ತಮ್ಮನಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಪೂರ್ತಿ ಕಲಿತುಬಿಟ್ಟರೆ ನಾಳೆ ಅಂಗಡಿಯೇ ತನ್ನದು ಎನ್ನುತ್ತಾನೆ ಎಂಬ ಭಯ. ನನ್ನ ಗಂಡನೋ, ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಪ್ರಾಣಿ. ಬೆನ್ನು ನೋಡುತ್ತಲೇ ತನ್ನ ಕೆಲಸ ಮಾಡಿಕೊಂಡಿದ್ದ. ನನಗೇ ಹೊಟ್ಟೆ ಉರಿಯುತ್ತಿತ್ತು.

ಭಾವ ಕೂರುವ ಜಾಗದ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ. ಅದಕ್ಕೆ ಅವರು ಕೈಯಾರೆ ಮಾಡಿದ ಬೀಗ. ಅದರ ಕೈ ಒಂದೇ ಒಂದು, ಅದೂ ಅವರ ಕೊರಳ ದಾರದಲ್ಲಿ. ಒಳಗೇನಿದೆ ಎಂದು ಅಕ್ಕನಿಗೂ ಗೊತ್ತಿರಲಿಲ್ಲ. ಕೇಳಿದರೆ, ಕೇಳಿದವರು ಯಾಕೆ ಕೇಳಿದರು ಎಂಬ ವಿಚಾರಣೆ ಶುರುವಾಗುತ್ತಿತ್ತು.

ಕೆಲವು ವರ್ಷಗಳಿಂದ ಭಾವನ ಮುಖ ತುಂಬಿಕೊಳ್ಳುತ್ತ ಬಂದಿತ್ತು. ಕೆನ್ನೆ ಉಬ್ಬಿ ಮುಖ ದುಂಡಗಾಯಿತು. ಎಲ್ಲ ತನ್ನ ಕೈಯಡುಗೆಯ ಗುಣ ಎಂದು ಅಕ್ಕ ಹಿಗ್ಗಿದಳು. ನನಗೇಕೋ ಅದು ಸರಿ ಕಾಣಲಿಲ್ಲ. ಮುಖ ಉಬ್ಬಿದೆ, ಹೊಟ್ಟೆ ಬಂದಿದೆ, ಕೈಕಾಲು ಮಾತ್ರ ಸಣಕಲು. ಎಲ್ಲಾದರೂ ಚೂರು ತಗುಲಿದರೆ ಚರ್ಮದ ಮೇಲೆ ನೀಲಿ ಕಲೆ. ಹೊಟ್ಟೆ ತುಂಬ ಉಂಡು ಎದ್ದವರು ಸ್ವಲ್ಪ ಹೊತ್ತಿಗೇ ಅಡುಗೆಮನೆಗೆ ಬಂದು ಡಬ್ಬಿಗಳಿಗೆ ಕೈ ಹಾಕುತ್ತಿದ್ದರು. ಈ ಮನುಷ್ಯ ನಮಗೆ ತಿಳಿಯದಂತೆ ಏನೋ ನಡೆಸಿದ್ದಾರೆ ಎಂದು ನನಗೆ ಅನ್ನಿಸತೊಡಗಿತು. ಅನುಮಾನವೂ ಕೆಮ್ಮಿನ ಹಾಗೆ, ಒಂದೇ ಮನೆಯಲ್ಲಿದ್ದರೆ ಎಲ್ಲರಿಗೂ ಅಂಟುತ್ತದೆ.

ನೋವು ಶುರುವಾದದ್ದು ಬಲಗಾಲಿನ ಮಂಡಿಯಲ್ಲಿ. ಒಂದು ಮನೆಯ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುತ್ತಿದ್ದವರು ಏಳಲು ಆಗದೆ, ಚಿಲಕ ಹಿಡಿದು ಜೋತು ಎದ್ದರಂತೆ. ಆಮೇಲೆ ದಿನದಿನಕ್ಕೆ ಕುಂಟು ಹೆಚ್ಚಿತು. ಕಾಲು ಮಡಚಿ ಕೂರಲು ಆಗದು, ಚಪ್ಪಲಿಗೆ ಪಾದ ತೂರಿಸಲು ಆಗದು. ಮೊದಲ ಅನುಮಾನ ತಮ್ಮನ ಮೇಲೆ: ತಾನು ಕೂರುವ ಹಲಗೆಯನ್ನು ಅವನು ಓರೆಯಾಗಿ ಸರಿಸಿದ್ದಾನೆ, ತನ್ನನ್ನು ಅಂಗಡಿಯಿಂದ ಎಬ್ಬಿಸುವುದಕ್ಕೇ ಈ ಹೂಟ. ಎರಡನೆಯದು ನನ್ನ ಮೇಲೆ: ನೆಲ ಒರೆಸುವ ನೀರಿಗೆ ನಾನು ಏನೋ ಬೆರೆಸುತ್ತೇನಂತೆ, ನೆಲ ಜಾರುತ್ತದಂತೆ. ಆ ದಿನ ನಾನು ಒರೆಸುವ ಬಟ್ಟೆಯನ್ನು ಅವರ ಎದುರಿಗೇ ಬಕೆಟ್ಟಿಗೆ ಎಸೆದು ಒಳಗೆ ಹೋದೆ. ಒಂದು ವಾರ ಅಂಗಡಿಯ ನೆಲ ಒರೆಸಲಿಲ್ಲ. ಕುಂಟು ಹಾಗೇ ಇತ್ತು.

ಮಂಡಿಗೆ ಎಣ್ಣೆ ತಿಕ್ಕಿದ್ದಾಯಿತು, ಪಟ್ಟಿ ಕಟ್ಟಿದ್ದಾಯಿತು, ಎಕ್ಸ್‌ರೇ ತೆಗೆಸಿದ್ದಾಯಿತು. ಎಕ್ಸ್‌ರೇಯಲ್ಲಿ ಮಂಡಿ ಚೆನ್ನಾಗಿಯೇ ಇತ್ತು. ಅದು ತನ್ನ ಮಂಡಿಯೇ ಅಲ್ಲ, ಯಾರದೋ ಕಾಲಿನ ಚಿತ್ರ ತಂದು ಕೊಟ್ಟಿದ್ದಾರೆ ಎಂದು ಭಾವ ಜಗಳ ತೆಗೆದರು. ಕೊನೆಗೆ ಅಕ್ಕ ಬಲವಂತ ಮಾಡಿ ಒಬ್ಬ ಮೂಳೆ ಡಾಕ್ಟರ ಹತ್ತಿರ ಕರೆದೊಯ್ದಳು, ಜೊತೆಗೆ ನಾನೂ ಹೋದೆ. ಡಾಕ್ಟರು ಕಡಿಮೆ ಮಾತಿನ ಹೆಂಗಸು. ಮಂಡಿಯನ್ನು ಮುಟ್ಟಲೇ ಇಲ್ಲ. ಬಾಗಿಲಿಂದ ಕಿಟಕಿಯವರೆಗೆ ನಡೆಸಿ ನೋಡಿದರು, ಮಲಗಿಸಿ ಕಾಲನ್ನು ಮಡಚಿ ಒಳಕ್ಕೆ ತಿರುಗಿಸಿದರು. ಭಾವ ತೊಡೆಸಂದು ಹಿಡಿದುಕೊಂಡು ನರಳಿದರು.

ಸ್ಕ್ಯಾನ್ ಮಾಡಿಸಿದ ಮೇಲೆ ಡಾಕ್ಟರು ನಮ್ಮನ್ನು ಕೂರಿಸಿ ಬಿಡಿಸಿ ಹೇಳಿದರು. ತೊಡೆಯ ಮೂಳೆಯ ಮೇಲ್ತುದಿ ಚೆಂಡಿನ ಹಾಗೆ ದುಂಡಗಿದ್ದು, ಸೊಂಟದ ಗುಳಿಯೊಳಗೆ ತಿರುಗುತ್ತದೆ. ಆ ಚೆಂಡಿಗೆ ಹೋಗುವ ರಕ್ತ ಕಡಿಮೆಯಾಗಿ ಮೂಳೆ ಒಳಗೊಳಗೇ ಸತ್ತಿದೆ, ಮೈಭಾರ ಬಿದ್ದು ಬಿದ್ದು ಕುಸಿದಿದೆ. ಎಡಗಡೆಯಲ್ಲೂ ಸಣ್ಣಗೆ ಶುರುವಾಗಿದೆ. ಸೊಂಟದ ನೋವು ಎಷ್ಟೋ ಸಲ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನಾವು ಇಷ್ಟು ದಿನ ಮಂಡಿಗೆ ಎಣ್ಣೆ ತಿಕ್ಕಿದ್ದೆವು. ಕದ ಜೋತಿದ್ದರೆ ಬೀಗ ಕಚ್ಚುತ್ತದೆ, ಬೀಗ ಬಿಚ್ಚಿ ಏನು ಪ್ರಯೋಜನ ಎಂದು ಗಿರಾಕಿಗಳಿಗೆ ದಿನಾ ಪಾಠ ಹೇಳುವ ಭಾವ ಈಗ ತಮ್ಮ ಮಂಡಿಯನ್ನೇ ಸವರುತ್ತ ಕೂತಿದ್ದರು.

ಪೆಟ್ಟು ಬೀಳದೆ ಹೀಗಾಗಿದ್ದರೆ ಸಾಮಾನ್ಯವಾಗಿ ಎರಡು ಕಾರಣ ಎಂದರು ಡಾಕ್ಟರು. ಒಂದು, ವಿಪರೀತ ಕುಡಿತ. ಇನ್ನೊಂದು, ಸ್ಟೀರಾಯ್ಡ್ ಎನ್ನುವ ಔಷಧಿಯನ್ನು ಬಹಳ ಕಾಲ ತೆಗೆದುಕೊಳ್ಳುವುದು. ಉಬ್ಬಸ, ಚರ್ಮದ ಕಾಯಿಲೆ, ಕೀಲುವಾತಕ್ಕೆ ಕೊಡುತ್ತಾರೆ. ಔಷಧಿಯ ತಪ್ಪಲ್ಲ, ಅದರಿಂದ ಬದುಕಿದವರಿಗೆ ಲೆಕ್ಕವಿಲ್ಲ, ಆದರೆ ಕಣ್ಗಾವಲಿಲ್ಲದೆ ನುಂಗಬಾರದು.

"ಕುಡೀತೀರಾ?"

"ವಾಸನೆ ಕೂಡ ನೋಡಿಲ್ಲ."

"ಮಾತ್ರೆ ಏನಾದ್ರೂ?"

"ನಾನ್ಯಾಕೆ ತಗೊಳ್ಳಲಿ? ಮಾತ್ರೆ ಮಾಡೋವರನ್ನ ನಾನು ನಂಬಲ್ಲ."

ಡಾಕ್ಟರು ಅವರ ದುಂಡು ಮುಖವನ್ನೇ ದಿಟ್ಟಿಸುತ್ತಿದ್ದರು. ಭಾವ ಮಾತ್ರ ಕೊರಳ ದಾರದಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ನಾನೂ ನೋಡಿದೆ, ಅಕ್ಕನೂ ನೋಡಿದಳು.

ಮನೆಗೆ ಬಂದ ಮೇಲೆ ಅಕ್ಕ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು, ಪೆಟ್ಟಿಗೆಯಲ್ಲಿ ಬಾಟಲಿ ಇದೆ. ನನಗೂ ಹಾಗೇ ಅನ್ನಿಸಿತು. ಅವತ್ತಿನಿಂದ ನಾವಿಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಚಹಾ ಕೊಡುವ ನೆಪದಲ್ಲಿ ಹತ್ತಿರ ಹೋಗಿ ನಾನು ಮೂಗು ಅರಳಿಸುತ್ತಿದ್ದೆ. ಕಬ್ಬಿಣದ ಪುಡಿಯ ವಾಸನೆ ಬಿಟ್ಟರೆ ಇನ್ನೇನೂ ಇಲ್ಲ. ವಿಚಿತ್ರವೆಂದರೆ, ಭಾವ ಆಮೇಲೆ ಪೆಟ್ಟಿಗೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ಕುಡಿತ ಬಿಟ್ಟರು, ಒಳ್ಳೆಯದಾಯಿತು ಎಂದುಕೊಂಡೆವು.

ಒಳ್ಳೆಯದಾಗುವ ಲಕ್ಷಣ ಮಾತ್ರ ಕಾಣಲಿಲ್ಲ. ಊಟ ಸೇರದಾಯಿತು. ಅರ ಹಿಡಿದ ಕೈ ಸೋತು ಕೆಳಗೆ ಬೀಳುತ್ತಿತ್ತು. ಎದ್ದು ನಿಂತರೆ ತಲೆ ಸುತ್ತು, ಕುಡಿದ ನೀರೂ ವಾಂತಿ. ಕೇಳಿದರೆ ಅಡುಗೆಯಲ್ಲಿ ಏನು ಹಾಕಿದ್ದೀರಿ ಎಂದು ನಮ್ಮನ್ನೇ ಗದರಿಸಿದರು. ಒಂದು ಬೆಳಗ್ಗೆ, ಗಿರಾಕಿ ಎದುರಿಗೆ ನಿಂತಿರುವಾಗಲೇ, ಕೂತಲ್ಲೇ ವಾಲಿ ಬಿದ್ದರು. ಆಸ್ಪತ್ರೆಗೆ ಸೇರಿಸಿದಾಗ ರಕ್ತದೊತ್ತಡ ಇಳಿದು ಹೋಗಿತ್ತು, ಮಾತು ತೊದಲುತ್ತಿತ್ತು. ಅಲ್ಲಿನ ಡಾಕ್ಟರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ಇವರು ಏನನ್ನಾದರೂ ತೆಗೆದುಕೊಳ್ಳುತ್ತಿದ್ದು ಈಚೆಗೆ ನಿಲ್ಲಿಸಿದ್ದಾರೆಯೇ? ಬೇಗ ತಿಳಿಯಬೇಕು, ಇಲ್ಲದಿದ್ದರೆ ಕಷ್ಟ ಎಂದರು.

ಸುದ್ದಿ ಕೇಳಿ ಬಂದಿದ್ದ ಭಾವನ ತಂಗಿಯನ್ನು ಅವರ ಬಳಿ ಬಿಟ್ಟು ಮೂವರೂ ಮನೆಗೆ ಓಡಿದೆವು. ಕೊರಳಿನ ಬೀಗದ ಕೈ ದಾರದ ಸಮೇತ ಮಾಯವಾಗಿತ್ತು. ಇನ್ನೆಂದೂ ಆ ಪೆಟ್ಟಿಗೆ ತೆರೆಯಬಾರದೆಂದು ಭಾವನೇ ಅದನ್ನು ಮೋರಿಗೆ ಎಸೆದಿದ್ದರು ಎಂದು ತಿಳಿದದ್ದು ಆಮೇಲೆ. ನನ್ನ ಗಂಡ ಪೆಟ್ಟಿಗೆಯ ಮುಂದೆ ನಿಂತೇ ಇದ್ದ.

"ಅತ್ತಿಗೆ, ಅಣ್ಣ ಎದುರಿಗಿಲ್ಲ."

"ಅಣ್ಣ ಇರಬೇಕು ಅಂದ್ರೆ ತೆಗಿ," ಎಂದಳು ಅಕ್ಕ. "ಬಾಟ್ಲಿ ಇದ್ರೆ ಇರ್ಲಿ."

ಅವನು ಕೂತ. ಎರಡು ತಂತಿ ಒಳಗೆ ತೂರಿಸಿ, ಕಿವಿಯನ್ನು ಬೀಗಕ್ಕೆ ಹಚ್ಚಿದ. ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಕೊಂಡಿ ಬಿಟ್ಟುಕೊಂಡಿತು. ಯಾವ ಕೆಲಸ ಇವನಿಗೆ ಕಾಣದಿರಲಿ ಎಂದು ಭಾವ ಇಷ್ಟು ವರ್ಷ ಬೆನ್ನು ತಿರುಗಿಸಿ ಕೂತರೋ ಅದು ಇವನ ಬೆರಳ ತುದಿಯಲ್ಲಿತ್ತು. ಪೆಟ್ಟಿಗೆಯಲ್ಲಿ ಬಾಟಲಿ ಇರಲಿಲ್ಲ. ಚಿಕ್ಕ ಬಿಳಿ ಮಾತ್ರೆಯ ಹಾಳೆಗಳು, ಖಾಲಿಯಾದವು ಒಂದು ಕಟ್ಟು, ತುಂಬಿದವು ಒಂದು ಕಟ್ಟು. ಅಕ್ಕ ಅಳತೊಡಗಿದಳು. ಬಾಟಲಿಯೇ ಇದ್ದಿದ್ದರೆ ಬೈಯಬಹುದಿತ್ತು ಎಂದಳು.

ಆಸ್ಪತ್ರೆಯಲ್ಲಿ ಆ ಹಾಳೆ ನೋಡಿದ ಕೂಡಲೇ, ಇದು ಸ್ಟೀರಾಯ್ಡ್, ಮುಖ ಉಬ್ಬಿದ್ದೂ ಇದರಿಂದಲೇ ಎಂದು ಹೇಳಿ, ಡ್ರಿಪ್ ಜೊತೆಗೆ ಅದೇ ಜಾತಿಯ ಔಷಧಿಯನ್ನು ಸೂಜಿಯಲ್ಲಿ ಕೊಟ್ಟರು. ಮೈ ತಾನೇ ತಯಾರಿಸಿಕೊಳ್ಳಬೇಕಾದದ್ದನ್ನು ವರ್ಷಗಟ್ಟಲೆ ಮಾತ್ರೆ ಕೊಡುತ್ತಿದ್ದರೆ ಮೈ ಆ ಕೆಲಸವನ್ನೇ ಮರೆಯುತ್ತದಂತೆ. ಆಗ ಮಾತ್ರೆಯನ್ನು ಮೆಲ್ಲಗೆ ಇಳಿಸುತ್ತ ಬರಬೇಕು, ಒಮ್ಮೆಗೇ ಬಿಟ್ಟರೆ ಜೀವಕ್ಕೇ ಸಂಚಕಾರ. ಭಾವನೋ, ಡಾಕ್ಟರ ಮಾತು ಕೇಳಿದ ದಿನವೇ ಮಾತ್ರೆಯ ಮೇಲೂ ಅನುಮಾನಪಟ್ಟು, ಯಾರಿಗೂ ಹೇಳದೆ ಒಂದೇ ಏಟಿಗೆ ಬಿಟ್ಟಿದ್ದರು.

ಮಾತು ಬಂದ ಮೇಲೆ ಎಲ್ಲ ಹೊರಬಂತು. ಬಹಳ ಹಿಂದೆ ಉಬ್ಬಸ ಹೆಚ್ಚಾದಾಗ ಒಬ್ಬ ಡಾಕ್ಟರು ಕೆಲವೇ ದಿನಕ್ಕೆಂದು ಈ ಮಾತ್ರೆ ಕೊಟ್ಟಿದ್ದರು. ನುಂಗಿದ ಮರುದಿನ ಎದೆ ಹಗುರ. ನಿಲ್ಲಿಸಲು ಮನಸ್ಸು ಬರಲಿಲ್ಲ. ಔಷಧಿ ಅಂಗಡಿಯವನು ಹಳೆಯ ಸ್ನೇಹಿತ, ಕೇಳಿದಾಗಲೆಲ್ಲ ಕೊಟ್ಟ. ಊರಿನಲ್ಲಿ ಭಾವ ನಂಬಿದ ಮನುಷ್ಯ ಅವನೊಬ್ಬನೇ, ಯಾಕೆಂದರೆ ಅವನ ಅಂಗಡಿಯ ಬೀಗ ಹಾಕಿದ್ದು ಇವರೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವನಿಗೂ ಕೆಟ್ಟ ಬುದ್ಧಿಯಿರಲಿಲ್ಲ, ಆಸ್ಪತ್ರೆಗೆ ಬಂದು ತಲೆ ತಗ್ಗಿಸಿ ನಿಂತು ಹೋದ. ಮನೆಯವರಿಂದ ಮುಚ್ಚಿಟ್ಟದ್ದೇಕೆ ಎಂದು ಅಕ್ಕ ಕೇಳಿದಳು. ಉಬ್ಬಸದವನು ಅಂತ ಗೊತ್ತಾದರೆ ಅಂಗಡಿಯಿಂದ ಎಬ್ಬಿಸುತ್ತಾರೆ ಅಂತ ಹೆದರಿದೆ ಎಂದರು, ತಮ್ಮನ ಕಡೆ ನೋಡದೆ. ನನಗೆ ಕೋಪ ಬರಬೇಕಿತ್ತು. ಅಳು ಬಂತು.

ಉಬ್ಬಸಕ್ಕೆ ಬಾಯಲ್ಲಿ ಎಳೆದುಕೊಳ್ಳುವ ಔಷಧಿ ಬಂತು, ಮಾತ್ರೆ ತಿಂಗಳುಗಟ್ಟಲೆ ಇಳಿಯುತ್ತ ಹೋಯಿತು, ಆಮೇಲೆ ಬಲಸೊಂಟಕ್ಕೆ ಹೊಸ ಕೀಲು ಕೂರಿಸಿದರು. ಕೀಲು ಸೆಕೆಂಡ್ ಹ್ಯಾಂಡ್ ಅಲ್ಲ ತಾನೇ ಎಂದು ಭಾವ ಡಾಕ್ಟರನ್ನು ಕೇಳದೆ ಬಿಡಲಿಲ್ಲ. ಎಡಗಡೆಯದನ್ನು ಇನ್ನೂ ನೋಡುತ್ತಿದ್ದಾರೆ.

ಅಂಗಡಿಗೆ ಮರಳಿದ ದಿನ ಅವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದೆವು. ಪೆಟ್ಟಿಗೆಯನ್ನು ತೊಡೆಯ ಮೇಲೆ ತರಿಸಿಕೊಂಡು, ಬೀಗವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಒಡೆದಿಲ್ಲ. ಒಂದು ಗೀರೂ ಇಲ್ಲ. ನೀನೇನಾ?"

"ಹೂಂ," ಎಂದ ನನ್ನ ಗಂಡ.

"ಯಾವಾಗಿಂದ ಗೊತ್ತು ಇದನ್ನ ತೆಗೆಯೋದು?"

"ನೀನು ಇದನ್ನ ಮಾಡಿದ ವರ್ಷದಿಂದ."

"ಮತ್ತೆ ಯಾಕೆ ತೆಗೀಲಿಲ್ಲ?"

"ನಿನ್ನ ಪೆಟ್ಟಿಗೆ ಅಲ್ವಾ ಅಣ್ಣ."

ಮರುದಿನ ಭಾವ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ತಮ್ಮನಿಗೆ ಬೆನ್ನು ಹಾಕಿ, ಏನನ್ನೋ ಅರ ಉಜ್ಜತೊಡಗಿದರು. ನನಗೆ ನಖಶಿಖಾಂತ ಉರಿಯಿತು. ಪ್ರಾಣ ಉಳಿಸಿದವನಿಗೂ ತೆಗೆಯಲಾಗದಂಥ ಬೀಗ ಮಾಡುತ್ತಿದ್ದಾರೆ, ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅಕ್ಕನಿಗೆ ಕೇಳಿಸುವಂತೆಯೇ ಹೇಳಿದೆ. ಅಕ್ಕನೂ ನಿಟ್ಟುಸಿರು ಬಿಟ್ಟಳು.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಭಾವ ತಮ್ಮನನ್ನು ಹತ್ತಿರ ಕರೆದರು. ಕೈಯಲ್ಲಿ ಪೆಟ್ಟಿಗೆಯ ಹಳೆಯ ಬೀಗಕ್ಕೇ ಹೊಸದಾಗಿ ಮಾಡಿದ ಎರಡು ಬೀಗದ ಕೈ ಇದ್ದವು, ಒಂದೊಂದಕ್ಕೂ ದಾರ. ಒಂದನ್ನು ತಮ್ಮ ಕೊರಳಿಗೆ ಹಾಕಿಕೊಂಡು ಇನ್ನೊಂದನ್ನು ಮುಂದೆ ಚಾಚಿದರು.

"ನನಗೆ ಯಾಕಣ್ಣ ಇದು?"

"ನಿನಗೆ ಬೇಡ ಅಂತ ಗೊತ್ತು. ಕೊಡೋದು ನನಗೆ ಬೇಕು."

ನನ್ನ ಗಂಡ ತಲೆ ಬಗ್ಗಿಸಿದ. ಭಾವ ದಾರವನ್ನು ಅವನ ಕೊರಳಿಗೆ ಹಾಕಿ, ಗಂಟು ಬಿಗಿದು, ಒಮ್ಮೆ ಜಗ್ಗಿ ನೋಡಿದರು.