ಮೊದಲು ಜೋಳ, ಕೊನೆಗೆ ಮನುಷ್ಯರು

ಐರಣಿ ಊರಿನ ನನ್ನ ಸೋದರಮಾವನ ಹಿಮ್ಮಡಿಗಳ ಬಿರುಕಿನಲ್ಲಿ ಹೊಳೆಯ ರಾಡಿ ಕರ್ರಗೆ ಕೂತಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ತಂದೆಯಿಲ್ಲದ ನನ್ನನ್ನು ಸಾಕಿ, ಹಿಡಿದ ಕೆಲಸ ಮುಗಿಸದೆ ಇನ್ನೊಂದಕ್ಕೆ ಕೈ ಹಾಕಬಾರದೆಂದು ಕಲಿಸಿದವರು ಅವರು. ತುಂಗಭದ್ರೆ ಏರಿದಾಗ ನೀರಿನ ಅಂಚಿನಾಚೆ ಒಂದು ಗೂಟ ನೆಡುತ್ತಿದ್ದರು. ಗೂಟದ ಬುಡಕ್ಕೆ ನೀರು ತಾಗಿದರೆ ಮೊದಲು ಜೋಳ ಅಟ್ಟಕ್ಕೆ, ಆಮೇಲೆ ದನ ದಿಬ್ಬಕ್ಕೆ, ಕೊನೆಗೆ ಮನುಷ್ಯರು. ಹೊಳೆ ನಿಧಾನವಾಗಿ ಏರುತ್ತದೆ, ಹೊತ್ತು ಕೊಡುತ್ತದೆ. ಅವರ ಮನೆಯ ಒಂದು ಕಾಳು ತೊಯ್ದದ್ದನ್ನೂ ನಾನು ಕಾಣೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅವರ ಒಬ್ಬಳೇ ಮಗಳಿಗೆ ಕರಾವಳಿಯ ಮೀನುಗಾರರ ಊರಿನಲ್ಲಿ ಶಾಲೆಯ ನೌಕರಿ. ಜೋಳದ ಚೀಲ, ಬ್ಯಾಡಗಿ ಮೆಣಸಿನಕಾಯಿ ಹೊತ್ತು ಮಾವನೂ ನಾನೂ ಅವಳ ಬಾಡಿಗೆ ಮನೆಗೆ ಹೋದೆವು. ಮರುದಿನ ಭಾನುವಾರ, ಬೆಳಿಗ್ಗೆ ಏಳಕ್ಕೆ ಬಿರುಗಾಳಿ. ಮಾವ ದಂಡೆಗೆ ಹೋಗಿ ಮರಳಲ್ಲಿ ಗೂಟ ಬಡಿದು ಬಂದರು.

“ಅಪ್ಪಾ, ಸಮುದ್ರಕ್ಕೂ ಗೂಟ ಬಡದಿಯೇನು?” ಮಗಳು ನಕ್ಕಳು.

“ನೀರು ಎಲ್ಲಿದ್ರೂ ನೀರ. ಸುಮ್ನ ಚಾ ಕಾಸು.”

ಪಕ್ಕದ ಮನೆಯ ಮೀನುಗಾರ್ತಿ ಮಕ್ಕಳನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. “ಅಕ್ಕೋರೇ, ಗುಡ್ಡಕ್ಕೆ ಬನ್ನಿ. ಗಾಳಿ ಕಡಲನ್ನೇ ದೂಡ್ಕೊಂಡು ಬರ್ತದೆ.”

ಮಗಳು ಚಪ್ಪಲಿ ಮೆಟ್ಟಿದಳು. ಮಾವ ತಡೆದರು.

“ಗೂಟಕ್ಕ ನೀರ ಬಂದಿಲ್ಲ, ಇನ್ನೂ ಹೊತ್ತೈತಿ. ಮೊದಲ ಜೋಳ ಅಟ್ಟಕ್ಕ ಏರ್ಸು.”

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ನಾನೂ ಮಾವನೂ ಅಂಗಳದಲ್ಲಿ ಸಾಮಾನಿಗೆ ಹಗ್ಗ ಕಟ್ಟುತ್ತಿದ್ದೆವು. ಕಡಲು ಏರಲಿಲ್ಲ, ಒಮ್ಮೆಲೇ ಬಂತು. ನಮ್ಮಿಬ್ಬರನ್ನೂ ತೆಂಗಿನ ಮರಕ್ಕೆ ಒಗೆಯಿತು, ಮರವನ್ನೇ ತಬ್ಬಿಕೊಂಡೆವು. ಕಣ್ಣೆದುರೇ ಮನೆ ಕುಸಿಯಿತು. ನೀರು ಇಳಿದ ಮೇಲೆ ಗೋಡೆಯ ಮಣ್ಣಿನಡಿ ಅವಳು ಸಿಕ್ಕಳು, ಜೋಳದ ಚೀಲ ಎದೆಯ ಮೇಲಿತ್ತು. ಗುಡ್ಡ ಹತ್ತಿದವರೆಲ್ಲ ಉಳಿದಿದ್ದರು. ಆ ಕೇರಿಯಲ್ಲಿ ಸತ್ತವಳು ಅವಳೊಬ್ಬಳೇ.

ಮರುದಿನ ಹೆಣವನ್ನು ಐರಣಿಗೆ ತಂದೆವು. ಅತ್ತೆ ಅಳಲಿಲ್ಲ.

“ನೀವು ಅಲ್ಲೇ ಇದ್ರಲ್ಲ?”

“ಇದ್ದೆ.”

“ಮತ್ತ ಯಾಕ ಹೊರಗ ಕರಕೊಂಡು ಹೋಗ್ಲಿಲ್ಲ?”

“ಹೊತ್ತೈತಿ ಅಂತ ತಿಳಿದೆ.”

“ಇನ್ನ ನಿಮಗ ಬೇಕಾದಷ್ಟು ಹೊತ್ತೈತಿ ಬಿಡ್ರಿ.”

ಅವರಿಗೆ ಹಾಗೆಯೇ ಆಯಿತು. ಬಹಳ ವರ್ಷ ಬದುಕಿದರು. ಅತ್ತೆ ಅವರೊಂದಿಗೆ ಮತ್ತೆ ಮಾತಾಡಲಿಲ್ಲ, ಅವರು ಸತ್ತ ದಿನವೂ ಹೆಣದ ಹತ್ತಿರ ಬರಲಿಲ್ಲ. ಮಗನ ಜಾಗದಲ್ಲಿ ನಿಂತು ಮಣ್ಣು ಹಾಕಿದವನು ನಾನು.

ಆದರೆ ಮಗಳನ್ನು ಹೂಳಿದ ದಿನ ಅವಳ ಕುಣಿಗೆ ಮಣ್ಣು ಎಳೆಯಲು ಮಾವ ಯಾರಿಗೂ ಸಲಿಕೆ ಕೊಟ್ಟಿರಲಿಲ್ಲ. ನನಗೂ ಇಲ್ಲ. ಕುಣಿ ತುಂಬಿತು. ಮಂದಿ ಹೋದರು. ಮಾವ ನೆಲ ಸಮ ಮಾಡಿ, ಸಲಿಕೆ ತೊಳೆದು, ಒರೆಸಿ, ಮನೆಯ ಗೋಡೆಗೆ ಆನಿಸಿ ಇಟ್ಟರು.